ಒಂದರಂತೆ ಇನ್ನೊಂದು: ಚಿಕ್ಕಮಗಳೂರಿನ ಚಿಟ್ಟೆಗಳನ್ನು ಪ್ರಭೇದ, ಉಪಪ್ರಭೇದಗಳಾಗಿ ವಿಂಗಡಿಸಲು ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಚಿಟ್ಟೆ ನೋಡುವವರಿಗೆ ಒಂದು ಅನುಕೂಲವಿದೆ, ಅದೇ ಒಂದು ತೊಡಕೂ ಹೌದು. ಕಡೂರಿನ ಒಣ ಬಯಲಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಕೊಟ್ಟಿಗೆಹಾರದ ಮಳೆಕಾಡು ಮುಟ್ಟಬಹುದು. ದಾರಿಯುದ್ದಕ್ಕೂ ನೆರಳು ಮರಗಳ ಕಾಫಿ ತೋಟ, ಆಚೆ ಭದ್ರಾ ಅಭಯಾರಣ್ಯದ ಎಲೆ ಉದುರುವ ಕಾಡು, ಮೇಲೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಹುಲ್ಲುಗಾವಲು, ಅದರ ಮಡಿಲಲ್ಲಿ ಶೋಲೆ ಕಾಡು. ಇಡೀ ಪಶ್ಚಿಮಘಟ್ಟದಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಭೇದದ ಚಿಟ್ಟೆಗಳಿವೆ. ಒಣನೆಲದವು, ಮಳೆಕಾಡಿನವು, ಎತ್ತರದವು ಎಲ್ಲಾ ಹತ್ತಿರ ಹತ್ತಿರ ಇರುವುದರಿಂದ ಒಂದೇ ಲಂಟಾನ ಪೊದೆಯ ಮೇಲೆ ಕಪ್ಪು-ಕೆಂಪು ಬಣ್ಣದ ನಾಲ್ಕು ಚಿಟ್ಟೆ ಕೂತಿದ್ದರೆ ಅವು ಮೂರು ಬೇರೆ ಪ್ರಭೇದಗಳಾಗಿರಬಹುದು, ಅಥವಾ ಒಂದೇ ಪ್ರಭೇದದ ಎರಡು ವೇಷಗಳೂ ಅದರಲ್ಲಿ ಇರಬಹುದು.

ನಾನು ಮುಖ್ಯವಾಗಿ ಹೇಳಬೇಕಾದ್ದು ಇಷ್ಟು. ಹೆಸರು ಬರೆಯುವ ಮುಂಚೆ ಅದಕ್ಕೆ ಆಧಾರವಾದ ಗುರುತು ಯಾವುದೆಂದು ಫೋಟೊದ ಮೇಲೆ ಬೆರಳಿಟ್ಟು ತೋರಿಸಲು ಬರಬೇಕು. ಬಾರದಿದ್ದರೆ ಉಪಪ್ರಭೇದ ಬಿಟ್ಟು ಪ್ರಭೇದಕ್ಕೆ, ಪ್ರಭೇದ ಬಿಟ್ಟು ಕುಲಕ್ಕೆ, ಅದೂ ಆಗದಿದ್ದರೆ ಕುಟುಂಬಕ್ಕೆ ನಿಲ್ಲಬೇಕು. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ಕಟ್ಟುಪಾಡಿಗೆ ಹೊಂದಿಕೊಂಡಿವೆ. ಚಿಟ್ಟೆಗಳ ಹೆಸರುಗಳನ್ನು ಇಲ್ಲಿ ಬಳಕೆಯಲ್ಲಿರುವ ಇಂಗ್ಲಿಷ್ ರೂಪದಲ್ಲೇ ಕೊಟ್ಟಿದ್ದೇನೆ. ಆ್ಯಪ್, ಪುಸ್ತಕ, ವೆಬ್‌ಸೈಟ್ ಎಲ್ಲದರಲ್ಲೂ ಹುಡುಕಲು ಸಿಗುವುದು ಅವೇ.

ಹೆಜ್ಜೆ 1: ಮೊದಲು ಕುಟುಂಬ

ನಮ್ಮ ಚಿಟ್ಟೆಗಳೆಲ್ಲ ಆರು ಕುಟುಂಬಗಳಲ್ಲಿ ಬರುತ್ತವೆ. ಕುಟುಂಬ ಗೊತ್ತಾದರೆ ಮುನ್ನೂರು ಹೆಸರುಗಳ ಬದಲು ಕೆಲವೇ ಹೆಸರುಗಳ ನಡುವೆ ಹುಡುಕಿದರೆ ಸಾಕು. ಇಲ್ಲಿ ಬಣ್ಣವನ್ನು ಮರೆತು ಕಾಲು, ಕುಡಿಮೀಸೆ, ಮೈಕಟ್ಟು ನೋಡಬೇಕು.

ಸ್ವಾಲೋಟೇಲ್‌ಗಳು ದೊಡ್ಡವು. ಆರೂ ಕಾಲುಗಳ ಮೇಲೆ ನಿಲ್ಲುತ್ತವೆ. ಹಿಂರೆಕ್ಕೆಯ ಒಳಅಂಚು ಒಳಕ್ಕೆ ಬಾಗಿರುವುದರಿಂದ ಹೊಟ್ಟೆ ಮುಚ್ಚಿಕೊಳ್ಳದೆ ಕಾಣುತ್ತದೆ. ಬಾಲ ಇರಲೇಬೇಕೆಂದಿಲ್ಲ, ನಮ್ಮ ಬ್ಲೂ ಮಾರ್ಮನ್‌ಗೆ ಬಾಲವಿಲ್ಲ. ಬಿಳಿ-ಹಳದಿ ಚಿಟ್ಟೆಗಳ ಕುಟುಂಬಕ್ಕೂ ಆರು ಕಾಲು, ಆದರೆ ಹಿಂರೆಕ್ಕೆಯ ಒಳಅಂಚು ಹೊಟ್ಟೆಯನ್ನು ತೊಟ್ಟಿಲಿನ ಹಾಗೆ ಬಳಸಿಕೊಂಡಿರುತ್ತದೆ. ನಿಂಫಾಲಿಡೇ ಕುಟುಂಬದವು ನಾಲ್ಕೇ ಕಾಲಲ್ಲಿ ನಿಲ್ಲುತ್ತವೆ. ಮುಂದಿನ ಎರಡು ಕಾಲು ಗಿಡ್ಡವಾಗಿ ಎದೆಗೆ ಅಂಟಿಕೊಂಡಿರುತ್ತವೆ. ಟೈಗರ್, ಕ್ರೋ, ಪ್ಯಾನ್ಸಿ, ಸೇಲರ್, ಕಂದು ಬಣ್ಣದ ಬುಷ್‌ಬ್ರೌನ್ ಎಲ್ಲ ಇದರೊಳಗೆ. ಬ್ಲೂಗಳ ಕುಟುಂಬದವು ಪುಟ್ಟವು, ಕುಡಿಮೀಸೆಯಲ್ಲಿ ಬಿಳಿ ಪಟ್ಟೆ, ಎಷ್ಟೋ ಪ್ರಭೇದಗಳಿಗೆ ಹಿಂರೆಕ್ಕೆಯ ತುದಿಯಲ್ಲಿ ಕೂದಲಿನಂಥ ಬಾಲ. ಸ್ಕಿಪ್ಪರ್‌ಗಳಿಗೆ ದಪ್ಪ ಎದೆ, ಕುಡಿಮೀಸೆಯ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಆರನೆಯದು ಜೂಡಿಗಳ ಕುಟುಂಬ. ನಮ್ಮಲ್ಲಿ ಅದರ ಪ್ರಭೇದಗಳು ತೀರಾ ಕಡಿಮೆ, ನೆರಳಿನ ತೋಟದಲ್ಲಿ ಎಲೆಯ ಮೇಲೆ ತಿರುತಿರುಗಿ ಕೂರುವ ಕಂದು ಚಿಟ್ಟೆ ಕಂಡರೆ ನೆನಪಿಸಿಕೊಳ್ಳಿ.

ಕಾಲು ಎಣಿಸುವುದು ಹುಡುಗಾಟದಂತೆ ಕಂಡೀತು. ಆದರೆ ಮಲಬಾರ್ ರೇವನ್ ಎಂಬ, ಪಶ್ಚಿಮಘಟ್ಟಕ್ಕೇ ಸೀಮಿತವಾದ ಸ್ವಾಲೋಟೇಲ್ ಅನ್ನು ಕಾಮನ್ ಕ್ರೋ ಚಿಟ್ಟೆಯಿಂದ ಬೇರ್ಪಡಿಸಲು ಇದಕ್ಕಿಂತ ನಂಬಿಕಸ್ತ ದಾರಿ ಇನ್ನೊಂದಿಲ್ಲ. ಎರಡೂ ಕಂದುಗಪ್ಪು, ಎರಡಕ್ಕೂ ಅಂಚಿನಲ್ಲಿ ಬಿಳಿ ಚುಕ್ಕೆಗಳ ಸಾಲು, ಎರಡಕ್ಕೂ ಬಾಲವಿಲ್ಲ. ಹೂವಿನ ಮೇಲೆ ಕೂತಾಗ ಆರು ಕಾಲು ಊರಿದ್ದರೆ ರೇವನ್, ನಾಲ್ಕಾದರೆ ಕ್ರೋ. ಕಾಮನ್ ಮೈಮ್ ಎಂಬ ಇನ್ನೊಂದು ಸ್ವಾಲೋಟೇಲ್ ಕೂಡ ಒಂದು ರೂಪದಲ್ಲಿ ಕ್ರೋ ತರಹ, ಇನ್ನೊಂದು ರೂಪದಲ್ಲಿ ಬ್ಲೂ ಟೈಗರ್ ತರಹ ಇರುತ್ತದೆ. ಅದರ ಗುಟ್ಟನ್ನೂ ಕಾಲೇ ಬಯಲು ಮಾಡುತ್ತದೆ.

ಹೆಜ್ಜೆ 2: ಫೋಟೊ ತೆಗೆಯುವ ಕ್ರಮ

ಚಿಟ್ಟೆ ಹಿಡಿಯುವ ಅಗತ್ಯವಿಲ್ಲ. ಭದ್ರಾ, ಕುದುರೆಮುಖದಂಥ ಸಂರಕ್ಷಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಹಿಡಿಯುವಂತೆಯೂ ಇಲ್ಲ. ಎಷ್ಟೋ ಪ್ರಭೇದಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಫೋಟೊ ಸಾಕು, ಆದರೆ ಚೆಂದದ ಫೋಟೊ ಬೇರೆ, ಗುರುತಿಗೆ ಬೇಕಾದ ಫೋಟೊ ಬೇರೆ.

ಒಂದೇ ಚಿಟ್ಟೆಯ ರೆಕ್ಕೆಯ ಮೇಲ್ಮೈ, ಕೆಳಮೈ ಎರಡೂ ಬೇಕು. ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಚಿಟ್ಟೆಗಳು ರೆಕ್ಕೆ ಬಿಚ್ಚಿ ಮೈ ಕಾಯಿಸಿಕೊಳ್ಳುತ್ತವೆ, ಮೇಲ್ಮೈಗೆ ಅದೇ ಸಮಯ. ಬಿಸಿಲು ಬಲಿತ ಮೇಲೆ, ಮೋಡ ಕವಿದಾಗ ಬಹುತೇಕ ರೆಕ್ಕೆ ಮಡಚಿ ಕೂರುತ್ತವೆ, ಆಗ ಕೆಳಮೈ. ಕ್ಯಾಮೆರಾವನ್ನು ರೆಕ್ಕೆಗೆ ನೇರ ಎದುರಾಗಿ ಹಿಡಿಯಿರಿ. ಓರೆಯಾಗಿ ತೆಗೆದರೆ ಚುಕ್ಕೆಗಳ ಸಾಲು ನೇರವೋ ಡೊಂಕೋ ಹೇಳಲಾಗುವುದಿಲ್ಲ, ಕೆಲವು ಪ್ರಭೇದಗಳನ್ನು ಬೇರೆ ಮಾಡಲು ಇರುವುದು ಅದೊಂದೇ ದಾರಿ. ಮೈ, ಹೊಟ್ಟೆ, ಕಾಲು ಕಾಣುವ ಒಂದು ಫೋಟೊ ಪಕ್ಕದಿಂದ ಇರಲಿ. ಕೂತ ಗಿಡ ಯಾವುದೆಂದು ತಿಳಿಯುವ ಹಾಗೆ ಸ್ವಲ್ಪ ದೂರದಿಂದಲೂ ಒಂದು. ದೊಡ್ಡ ಚಿಟ್ಟೆಗಳಿಗೆ ಮೊಬೈಲ್ ಧಾರಾಳ ಸಾಕು. ಬ್ಲೂಗಳಿಗೆ, ಸ್ಕಿಪ್ಪರ್‌ಗಳಿಗೆ ಮ್ಯಾಕ್ರೊ ಲೆನ್ಸ್ ಇದ್ದರೆ ಒಳ್ಳೆಯದು.

ಯಾವಾಗಲೂ ರೆಕ್ಕೆ ಮುಚ್ಚಿಯೇ ಕೂರುವ ಚಿಟ್ಟೆಯಾದರೆ ಹಾರುವ ಗಳಿಗೆಯಲ್ಲಿ ಸಾಲಾಗಿ ಹತ್ತಾರು ಫೋಟೊ ಹೊಡೆಯಿರಿ. ಮಸುಕಾಗಿ ಬಂದರೂ ಮೇಲ್ಮೈ ನೀಲಿಯೋ ಕಂದೋ ತಿಳಿಯುತ್ತದೆ. ಮುತ್ತೋಡಿ ಕಡೆಯ ಹಳ್ಳದ ಒದ್ದೆ ಮರಳಿನಲ್ಲಿ ಗಂಡು ಚಿಟ್ಟೆಗಳು ಗುಂಪುಗೂಡಿ ಉಪ್ಪಿನಂಶ ಹೀರುವಾಗ ಮೈಮರೆತಿರುತ್ತವೆ. ಆಗ ನೆಲಕ್ಕೆ ಮೈಚಾಚಿ ಮೆಲ್ಲಗೆ ಮುಂದೆ ಸರಿದರೆ ಅಂಗೈ ದೂರದವರೆಗೂ ಬಿಟ್ಟುಕೊಳ್ಳುತ್ತವೆ. ನಿಮ್ಮ ನೆರಳು ಮಾತ್ರ ಅವುಗಳ ಮೇಲೆ ಬೀಳಬಾರದು.

ಹೆಜ್ಜೆ 3: ವೇಷಧಾರಿಗಳನ್ನು ಬಿಡಿಸುವುದು

ಗುರುತಿನ ಕೆಲಸದಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲಿ, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಚಿಟ್ಟೆಗಳ ಹುಳುಗಳು ಈಶ್ವರಿ ಬಳ್ಳಿ ತಿಂದು ಬೆಳೆಯುತ್ತವೆ. ಆ ಬಳ್ಳಿಯ ವಿಷ ಹುಳುವಿನಿಂದ ಚಿಟ್ಟೆಗೂ ದಾಟುವುದರಿಂದ ಹಕ್ಕಿಗಳು ಇವುಗಳ ತಂಟೆಗೆ ಹೋಗುವುದಿಲ್ಲ. ಕಾಮನ್ ಮಾರ್ಮನ್ ಹುಳುಗಳದ್ದೋ ಕರಿಬೇವು, ನಿಂಬೆ, ಕಿತ್ತಳೆಯ ಊಟ, ವಿಷವಿಲ್ಲ. ಆದರೆ ಅದರ ಹೆಣ್ಣಿಗೆ ಮೂರು ರೂಪಗಳಿವೆ. ಸೈರಸ್ ರೂಪ ಗಂಡಿನಂತೆಯೇ ಇರುತ್ತದೆ, ಸ್ಟಿಚಿಯಸ್ ರೂಪ ಕಾಮನ್ ರೋಸ್‌ನಂತೆ, ರೋಮುಲಸ್ ರೂಪ ಕ್ರಿಮ್ಸನ್ ರೋಸ್‌ನಂತೆ. ಯಾವ ರೂಪ ಬರುತ್ತದೆಂಬುದನ್ನು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ನಿರ್ಧರಿಸುತ್ತದೆ ಎಂದು 2014ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ರೂಪದ ಹೆಣ್ಣುಗಳು ಹೊರಬರಬಹುದು.

ಹಾಗಾದರೆ ತೋಟದ ಬೇಲಿಯ ಲಂಟಾನ ಮೇಲೆ ಕೂತದ್ದು ಕಾಮನ್ ರೋಸೋ, ಸ್ಟಿಚಿಯಸ್ ಹೆಣ್ಣೋ? ರೆಕ್ಕೆ ನೋಡಬೇಡಿ. ಹಿಂರೆಕ್ಕೆಯ ಬಿಳಿ ಮಚ್ಚೆ, ಅಂಚಿನ ಕೆಂಪು ಚಂದ್ರಾಕೃತಿ, ಬಾಲ ಎಲ್ಲವನ್ನೂ ಮಾರ್ಮನ್ ಚೆನ್ನಾಗಿ ನಕಲು ಮಾಡಿದೆ. ಅದು ನಕಲು ಮಾಡಲಾಗದೆ ಬಿಟ್ಟದ್ದು ಮೈಯನ್ನು. ಚಿಟ್ಟೆ ಹೂವಿನ ಗೊಂಚಲಿಗೆ ಮುಖ ತೂರಿಸಿ ಜೇನು ಹೀರುತ್ತಿರುವಾಗ ಪಕ್ಕಕ್ಕೆ ಬಂದು ನಿಂತು ರೆಕ್ಕೆಗಳ ನಡುವೆ ಇಣುಕಿ. ರೋಸ್ ಆದರೆ ತಲೆ ಕೆಂಪು, ಹೊಟ್ಟೆಯ ಪಕ್ಕ ಮತ್ತು ತುದಿ ಕೆಂಪು. ಮಾರ್ಮನ್ ಆದರೆ ತಲೆಯಿಂದ ಹೊಟ್ಟೆಯ ತುದಿವರೆಗೆ ಕಪ್ಪು. ಕ್ರಿಮ್ಸನ್ ರೋಸ್ ಮತ್ತು ರೋಮುಲಸ್ ಹೆಣ್ಣಿಗೂ ಇದೇ ಪರೀಕ್ಷೆ. ಹಾರಾಟದಲ್ಲಿ ಇನ್ನೊಂದು ಸುಳಿವಿದೆ: ರೋಸ್‌ಗಳು ಯಾರ ಭಯವೂ ಇಲ್ಲದಂತೆ ತೇಲುತ್ತಾ ಸಾಗುತ್ತವೆ, ಮಾರ್ಮನ್ ಹೆಣ್ಣು ಆರಾಮವಾಗಿದ್ದಾಗ ಅದೇ ನಡೆಯನ್ನು ಅನುಕರಿಸಿ, ಬೆದರಿಸಿದ ಕೂಡಲೇ ಸರ್ರನೆ ಎತ್ತರಕ್ಕೆ ಹಾರುತ್ತದೆ. ಹಾರಾಟವನ್ನು ಸುಳಿವಾಗಿ ಇಟ್ಟುಕೊಳ್ಳಿ, ತೀರ್ಮಾನ ಮಾತ್ರ ಮೈಬಣ್ಣದಿಂದಲೇ ಆಗಲಿ.

ಮಲೆನಾಡಿನಲ್ಲಿ ಇಲ್ಲಿಗೇ ಮುಗಿಯುವುದಿಲ್ಲ. ಪಶ್ಚಿಮಘಟ್ಟದಲ್ಲಷ್ಟೇ ಇರುವ ಮಲಬಾರ್ ರೋಸ್ ಕೂಡ ಮಳೆ ಹೆಚ್ಚಿರುವ ಕಾಡಂಚಿನಲ್ಲಿ ಸಿಗುತ್ತದೆ. ಅದರದ್ದೂ ಕೆಂಪು ಮೈ, ಆದರೆ ಹಿಂರೆಕ್ಕೆಯ ಬಿಳಿ ಭಾಗ ಕಾಮನ್ ರೋಸ್‌ಗಿಂತ ಎದ್ದು ಕಾಣುವಷ್ಟು ದೊಡ್ಡದು. ಹಾಗಾಗಿ ಪರೀಕ್ಷೆ ಎರಡು ಹಂತದ್ದು. ಮೊದಲು ಮೈ ನೋಡಿ ರೋಸೋ ಮಾರ್ಮನ್ನೋ ತೀರ್ಮಾನಿಸಿ, ಆಮೇಲೆ ಮಚ್ಚೆ ನೋಡಿ ಯಾವ ರೋಸ್ ಎಂದು. ಈ ಕ್ರಮ ತಿರುಗುಮುರುಗಾದರೆ ಗೊಂದಲ ಕಟ್ಟಿಟ್ಟದ್ದು.

ಪ್ಲೇನ್ ಟೈಗರ್ ಮತ್ತು ಡನೈಡ್ ಎಗ್‌ಫ್ಲೈ ಹೆಣ್ಣು ಎರಡೂ ಒಂದೇ ಕುಟುಂಬದವು, ಕಾಲು ಎಣಿಸಿ ಉಪಯೋಗವಿಲ್ಲ. ಇಲ್ಲಿ ಹಿಂರೆಕ್ಕೆ ನೋಡಬೇಕು. ಪ್ಲೇನ್ ಟೈಗರ್‌ನ ಹಿಂರೆಕ್ಕೆಯ ನಡುವೆ ಹೆಣ್ಣಿಗೆ ಮೂರು, ಗಂಡಿಗೆ ನಾಲ್ಕು ಕಪ್ಪು ಚುಕ್ಕೆ. ಗಂಡಿನ ಆ ನಾಲ್ಕನೆಯದು ಗಂಧದ ಚೀಲ. ಎಗ್‌ಫ್ಲೈ ಹೆಣ್ಣಿಗೆ ಹಿಂರೆಕ್ಕೆಯ ಮುಂಅಂಚಿನ ಹತ್ತಿರ ಒಂದೇ ಚುಕ್ಕೆ, ಜೊತೆಗೆ ರೆಕ್ಕೆಯ ಅಂಚು ಅಲೆಅಲೆ. ಎದೆಯ ಮೇಲೆ ಬಿಳಿ ಬೊಟ್ಟುಗಳು ಒತ್ತೊತ್ತಾಗಿದ್ದರೆ ಪ್ಲೇನ್ ಟೈಗರ್ ಕಡೆಗೇ ವಾಲಬಹುದು. ಮೊಟ್ಟೆ ಇಡುತ್ತಿದ್ದರಂತೂ ಗಿಡವೇ ಸಾಕ್ಷಿ: ಎಕ್ಕದ ಗಿಡವಾದರೆ ಟೈಗರ್, ಅಂಗಳದ ಗೋಣಿಸೊಪ್ಪಾದರೆ ಎಗ್‌ಫ್ಲೈ. ಇದೇ ಬಣ್ಣದ ಸ್ಟ್ರೈಪ್ಡ್ ಟೈಗರ್‌ಗೆ ರೆಕ್ಕೆಯ ಸಿರೆಗಳೆಲ್ಲ ದಪ್ಪ ಕಪ್ಪು ಗೆರೆಯಾಗಿರುವುದರಿಂದ ಅಲ್ಲಿ ಕಷ್ಟವಿಲ್ಲ.

ಕಾಫಿ ತೋಟದವರಿಗೆ ದಿನನಿತ್ಯ ಕಾಣುವ ಕಾಮನ್ ಜೆಜೆಬೆಲ್‌ಗೂ ಒಂದು ಜೋಡಿ ಇದೆ. ಜೆಜೆಬೆಲ್ ಹುಳುಗಳು ನೆರಳು ಮರದ ಬಂದಳಿಕೆ ತಿನ್ನುವುದರಿಂದ ತೋಟದಲ್ಲಿ ಅದಕ್ಕೆ ಬರವಿಲ್ಲ. ಅದನ್ನು ಹೋಲುವ ಪೇಂಟೆಡ್ ಸಾಟೂತ್ ಅಪರೂಪ, ಕಾಡಿನ ಕಡೆಯದು, ಹಾರಾಟ ಬಿರುಸು. ಹಿಂರೆಕ್ಕೆಯ ಕೆಳಮೈ ಅಂಚಿನ ಕೆಂಪು ಮಚ್ಚೆಗಳನ್ನು ನೋಡಿ: ಜೆಜೆಬೆಲ್‌ನಲ್ಲಿ ಬಾಣದ ತುದಿಯಂತೆ ಚೂಪು, ಸಾಟೂತ್‌ನಲ್ಲಿ ಚೌಕ. ಸಾಟೂತ್ ಸಿಕ್ಕಿದರೆ ಅದು ನಿಜಕ್ಕೂ ದಾಖಲಿಸಬೇಕಾದ ಚಿಟ್ಟೆ. ಹಾಗಾಗಿ ತೋಟದ "ಮಾಮೂಲಿ" ಜೆಜೆಬೆಲ್‌ಗಳ ಅಂಚನ್ನು ಒಮ್ಮೆ ನೋಡುವ ರೂಢಿ ಇಟ್ಟುಕೊಳ್ಳಿ.

ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್ ವಿಷಯದಲ್ಲಿ ಪಟ್ಟೆಗಳ ಅಗಲ ಮುಖ್ಯ. ಬ್ಲೂ ಟೈಗರ್‌ನ ತಿಳಿನೀಲಿ ಗುರುತುಗಳು ಅಗಲ, ಹಿನ್ನೆಲೆ ಕಂದುಗಪ್ಪು. ಡಾರ್ಕ್‌ನಲ್ಲಿ ಗುರುತುಗಳು ಸಪೂರ, ಹಿನ್ನೆಲೆ ಗಾಢ. ಕಾಮನ್ ಕ್ರೋ ಮತ್ತು ಡಬಲ್-ಬ್ರಾಂಡೆಡ್ ಕ್ರೋ ಗಂಡುಗಳಿಗೆ ಮುಂರೆಕ್ಕೆಯ ಮೇಲ್ಮೈಯಲ್ಲಿ, ಹಿಂಅಂಚಿನ ಹತ್ತಿರ ಬೂದು ಗೀರು ಇರುತ್ತದೆ. ಒಂದು ಗೀರಾದರೆ ಕಾಮನ್, ಅಕ್ಕಪಕ್ಕ ಎರಡಾದರೆ ಡಬಲ್-ಬ್ರಾಂಡೆಡ್. ರೆಕ್ಕೆ ಮಡಚಿ ಕೂತಿದ್ದರೆ ಗೀರು ಕಾಣುವುದಿಲ್ಲ, ಆಗ "ಕ್ರೋ" ಎಂದಷ್ಟೇ ಬರೆಯಿರಿ. ಈ ನಾಲ್ಕೂ ಸೇರಿ ಮುಂಗಾರಿಗೆ ಮುಂಚೆ ಘಟ್ಟದಿಂದ ಪೂರ್ವದ ಬಯಲಿಗೆ, ಮಳೆ ತಗ್ಗಿದ ಮೇಲೆ ಮರಳಿ ಘಟ್ಟಕ್ಕೆ ವಲಸೆ ಹೋಗುತ್ತವೆ. ವಲಸೆಯ ಹಿಂಡು ಗಿಲಕಿ ಗಿಡಗಳ ಮೇಲೆ ಮುತ್ತಿಕೊಂಡಾಗ ಒಂದರ ಫೋಟೊ ತೆಗೆದು ಇಡೀ ಹಿಂಡಿಗೆ ಅದೇ ಹೆಸರು ಕೊಡುವುದು ಸಾಮಾನ್ಯವಾಗಿ ಆಗುವ ತಪ್ಪು. ಹಿಂಡು ಮಿಶ್ರವಾಗಿರುತ್ತದೆ, ಸಾಧ್ಯವಾದಷ್ಟು ಬೇರೆ ಬೇರೆ ಚಿಟ್ಟೆಗಳ ಫೋಟೊ ತೆಗೆಯಿರಿ.

ಹೆಜ್ಜೆ 4: ಚುಕ್ಕೆ ಎಣಿಸುವುದು

ವೇಷವಿಲ್ಲದೆಯೂ ಒಂದರಂತೆ ಒಂದಿರುವ ಗುಂಪುಗಳಿವೆ. ಅಲ್ಲಿ ನೆರವಾಗುವುದು ಕೆಳಮೈಯ ಚುಕ್ಕೆಗಳು. ಅದಕ್ಕೆ ರೆಕ್ಕೆಯ ಒಂದು ಭಾಗ ಗೊತ್ತಿರಬೇಕು. ರೆಕ್ಕೆಯ ಬುಡದಿಂದ ನಡುವಿನವರೆಗೆ, ಸುತ್ತಲೂ ಸಿರೆಗಳಿಂದ ಆವರಿಸಿದ ಉದ್ದನೆಯ ಜಾಗವಿದೆ, ಅದನ್ನು ಸೆಲ್ ಎನ್ನುತ್ತಾರೆ. ಪ್ರಶ್ನೆಗಳ ಮೂಲಕ ಹೆಸರಿಗೆ ತಲುಪಿಸುವ ಗುರುತಿನ ಕೀಲಿಗಳಲ್ಲೆಲ್ಲ ಈ ಪದ ಬರುತ್ತದೆ.

ಹುಲ್ಲಿನ ಮೇಲೆ ತಗ್ಗಿನಲ್ಲಿ ಹಾರುವ ಹಳದಿ ಚಿಟ್ಟೆಗಳಾದ ಗ್ರಾಸ್ ಯೆಲ್ಲೊಗಳಲ್ಲಿ ಮುಂರೆಕ್ಕೆಯ ಕೆಳಮೈಯ ಸೆಲ್‌ನೊಳಗಿನ ಗುರುತು ಎಣಿಸಬೇಕು. ಎರಡಿದ್ದರೆ ಕಾಮನ್, ಮೂರಿದ್ದರೆ ತ್ರೀ-ಸ್ಪಾಟ್, ಒಂದಿದ್ದರೆ ಒನ್-ಸ್ಪಾಟ್, ಏನೂ ಇಲ್ಲದಿದ್ದರೆ ಸ್ಪಾಟ್‌ಲೆಸ್ ಅಥವಾ ಸ್ಮಾಲ್. ಸ್ಪಾಟ್‌ಲೆಸ್‌ನ ಮುಂರೆಕ್ಕೆಯ ತುದಿ ಕತ್ತರಿಸಿದಂತೆ ಕೋನವಾಗಿರುತ್ತದೆ. ಗುರುತುಗಳು ತೆಳು ಗೆರೆಗಳಾಗಿ ಮಾಸಿರುವುದೂ ಉಂಟು, ಫೋಟೊ ಹಿಗ್ಗಿಸಿಯೇ ಎಣಿಸಿ. ಸಂಶಯ ಉಳಿದರೆ ಮೊಟ್ಟೆ ಹುಡುಕಿ. ಕಾಮನ್ ಗ್ರಾಸ್ ಯೆಲ್ಲೊ ಒಂದೊಂದೇ ಮೊಟ್ಟೆ ಇಡುತ್ತದೆ. ತ್ರೀ-ಸ್ಪಾಟ್ ಗುಂಪಾಗಿ ಇಡುತ್ತದೆ, ಅದರ ಹುಳುಗಳೂ ಒಟ್ಟಿಗೇ ಮೇಯುತ್ತವೆ.

ಇನ್ನು ಗ್ರಾಸ್ ಬ್ಲೂಗಳು. ಕಾಫಿ ಕಣದ ಅಂಚಿನ ಗರಿಕೆಯಲ್ಲಿ, ಶಾಲೆಯ ಆಟದ ಬಯಲಿನಲ್ಲಿ ಪಾದದ ಎತ್ತರಕ್ಕೆ ಹಾರುವ ಬೂದುನೀಲಿ ಪುಟಾಣಿಗಳನ್ನು ಬಹಳ ಮಂದಿ ತುಳಿಯದಂತೆ ದಾಟಿ ಹೋಗುತ್ತಾರೆ, ಕೂತು ನೋಡುವವರು ಕಡಿಮೆ. ಅಲ್ಲಿ ನಾಲ್ಕು ಪ್ರಭೇದಗಳಿರಬಹುದು. ಮಂಡಿಯೂರಿ, ಮಡಚಿದ ಮುಂರೆಕ್ಕೆಯ ಕೆಳಮೈಯನ್ನು ನೇರ ಪಕ್ಕದಿಂದ ನೋಡಿ. ಮೊದಲ ಪ್ರಶ್ನೆ: ಮುಂರೆಕ್ಕೆಯ ಮುಂಅಂಚಿಗೆ ತಾಗಿದಂತೆ ಎರಡು ಸಣ್ಣ ಚುಕ್ಕೆ ಇವೆಯೇ? ಇದ್ದರೆ ಟೈನಿ ಗ್ರಾಸ್ ಬ್ಲೂ, ರೆಕ್ಕೆ ಹರಡಿದರೂ ಎರಡು ಸೆಂಟಿಮೀಟರ್ ಆಸುಪಾಸು. ಇಲ್ಲದಿದ್ದರೆ ಎರಡನೆಯ ಪ್ರಶ್ನೆ: ಸೆಲ್‌ನ ನಡುವೆ ಒಂದು ಚುಕ್ಕೆ ಇದೆಯೇ? ಸೆಲ್‌ನ ತುದಿಯ ಸಣ್ಣ ಗೆರೆ ನಾಲ್ಕಕ್ಕೂ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬುಡಕ್ಕೂ ಆ ಗೆರೆಗೂ ನಡುವಿನ ಜಾಗ ಖಾಲಿಯಿದ್ದರೆ ಲೆಸರ್ ಗ್ರಾಸ್ ಬ್ಲೂ. ಅದಕ್ಕೆ ಇನ್ನೊಂದು ಗುರುತೂ ಉಂಟು: ಹಿಂರೆಕ್ಕೆಯ ಚುಕ್ಕೆಗಳ ಬಾಗು ಸಾಲಿನಲ್ಲಿ ಮೇಲಿನ ಕಡೆಯ ಒಂದು ಚುಕ್ಕೆ ಸಾಲು ತಪ್ಪಿ ಒಳಕ್ಕೆ ಸರಿದಿರುತ್ತದೆ. ಸೆಲ್‌ನಲ್ಲಿ ಚುಕ್ಕೆ ಇದ್ದರೆ ಪೇಲ್ ಅಥವಾ ಡಾರ್ಕ್. ಪೇಲ್ ಗ್ರಾಸ್ ಬ್ಲೂ ಸ್ವಲ್ಪ ದೊಡ್ಡದು, ಗಂಡಿನ ಮೇಲ್ಮೈ ಬಿಳಚಿದ ನೀಲಿ, ಹುಳು ಹುಳಿಸೊಪ್ಪಿನ ಗಿಡ ತಿನ್ನುತ್ತದೆ. ಡಾರ್ಕ್‌ನ ಮೇಲ್ಮೈ ಗಾಢ ನೇರಳೆ ನೀಲಿ, ಕಂದು ಅಂಚು ಅಗಲ. ಈ ಕೊನೆಯ ಎರಡರಲ್ಲಿ ಮೇಲ್ಮೈ ಕಾಣದೆ ಹೆಸರು ಕೊಡಲು ಅವಸರಪಡಬೇಡಿ.

ಸೇಲರ್‌ಗಳಲ್ಲಿ ಮೇಲ್ಮೈ ಎಲ್ಲಕ್ಕೂ ಕಪ್ಪು-ಬಿಳಿ ಪಟ್ಟೆ. ಕೆಳಮೈಯ ಬಿಳಿ ಪಟ್ಟೆಗಳಿಗೆ ಕಪ್ಪು ಗೆರೆಯ ಅಂಚು ಕಟ್ಟಿದ್ದು, ಹಿನ್ನೆಲೆ ಹೊಂಗಂದು ಇದ್ದರೆ ಕಾಮನ್ ಸೇಲರ್. ಅಂಚುಗೆರೆ ಇಲ್ಲದಿದ್ದರೆ ಬೇರೆ ಸೇಲರ್ ಎಂದು ಮುಂದಕ್ಕೆ ಹುಡುಕಿ. ರಿಂಗ್ ಎಂಬ ಕಂದು ಚಿಟ್ಟೆಗಳಲ್ಲಿ ಹಿಂರೆಕ್ಕೆಯ ಕೆಳಮೈಯ ಉಂಗುರಗಳನ್ನಷ್ಟೇ ಎಣಿಸಬೇಕು, ಮುಂರೆಕ್ಕೆಯ ದೊಡ್ಡ ಉಂಗುರ ಲೆಕ್ಕಕ್ಕಿಲ್ಲ. ಹಿಂರೆಕ್ಕೆ ಬೆಳ್ಳಗಿದ್ದು ನಾಲ್ಕು ಉಂಗುರವಿದ್ದರೆ ವೈಟ್ ಫೋರ್-ರಿಂಗ್. ಬುಷ್‌ಬ್ರೌನ್‌ಗಳಲ್ಲಿ ಹಿಂರೆಕ್ಕೆಯ ಕೆಳತುದಿಯಿಂದ ಮೊದಲ ನಾಲ್ಕು ಕಣ್ಣುಗಳ (ಕಣ್ಣಿನಂಥ ಮಚ್ಚೆಗಳ) ನಡುವಿನ ಬಿಳಿ ಬೊಟ್ಟುಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಅಳತೆಪಟ್ಟಿ ಇಟ್ಟು ಜೋಡಿಸಿ ನೋಡಿ. ನೇರ ಸಾಲಿನಲ್ಲಿ ಇಲ್ಲದಿದ್ದರೆ ಕಾಮನ್ ಬುಷ್‌ಬ್ರೌನ್. ಕ್ಯಾಮೆರಾ ಎದುರಾಗಿ ಹಿಡಿಯಿರಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಹೆಜ್ಜೆ 5: ಋತು

ಈಗಷ್ಟೇ ಹೇಳಿದ ಕಣ್ಣು, ಉಂಗುರಗಳು ಬೇಸಿಗೆಯಲ್ಲಿ ಕೈಕೊಡುತ್ತವೆ. ಬುಷ್‌ಬ್ರೌನ್, ರಿಂಗ್, ಈವ್ನಿಂಗ್ ಬ್ರೌನ್‌ಗಳಿಗೆ ಮಳೆಗಾಲದ ರೂಪ ಬೇರೆ, ಒಣಗಾಲದ ರೂಪ ಬೇರೆ. ಮಳೆಗಾಲದಲ್ಲಿ ಕಣ್ಣುಗಳು ಎದ್ದು ಕಾಣುತ್ತವೆ. ಬೇಸಿಗೆಯಲ್ಲಿ ಹುಲ್ಲು, ಎಲೆ ಒಣಗಿದಾಗ ಕಣ್ಣುಗಳು ಕುಗ್ಗಿ ಬರೀ ಚುಕ್ಕೆಯಾಗುತ್ತವೆ, ರೆಕ್ಕೆ ತರಗೆಲೆಯ ಬಣ್ಣ ತಾಳುತ್ತದೆ. ಕಾಮನ್ ಈವ್ನಿಂಗ್ ಬ್ರೌನ್‌ನ ಒಣಗಾಲದ ರೂಪಗಳು ಎಷ್ಟು ಬಗೆಯವೆಂದರೆ ಒಂದೇ ಮರದ ಬುಡದಲ್ಲಿ ಸಿಕ್ಕ ಎರಡು ಚಿಟ್ಟೆ ಬೇರೆ ಬೇರೆ ಪ್ರಭೇದ ಎಂದೇ ಕಾಣುತ್ತವೆ. ಪೀಕಾಕ್ ಪ್ಯಾನ್ಸಿಯೂ ಬೇಸಿಗೆಯಲ್ಲಿ ಕೆಳಮೈಯ ಕಣ್ಣುಗಳನ್ನು ಕಳೆದುಕೊಂಡು ಒಣಎಲೆಯಂತಾಗುತ್ತದೆ. ಆದ್ದರಿಂದ ತಿಂಗಳನ್ನು ಬರೆಯದ ಗುರುತಿಗೆ ಬೆಲೆ ಕಡಿಮೆ. ಹೊಸಬರು ಮಳೆ ಮುಗಿಯುವ ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ ಶುರು ಮಾಡುವುದು ಒಳಿತು, ಆಗ ಚಿಟ್ಟೆಗಳೂ ಹೆಚ್ಚು, ಗುರುತುಗಳೂ ಸ್ಪಷ್ಟ.

ಹೆಜ್ಜೆ 6: ಜಾಗ, ಗಿಡ

ರೆಕ್ಕೆಯ ಗುರುತು ಎರಡು ಹೆಸರುಗಳ ನಡುವೆ ತೂಗಾಡುತ್ತಿದ್ದರೆ ನೆಲ ಸಹಾಯಕ್ಕೆ ಬರುತ್ತದೆ. ಹಸಿರು ಮಿಂಚಿನ ಪಟ್ಟೆಯುಳ್ಳ ಎರಡು ಪೀಕಾಕ್‌ಗಳಿವೆ. ಮಲಬಾರ್ ಬ್ಯಾಂಡೆಡ್ ಪೀಕಾಕ್ ತೇವದ ಕಾಡಿನದು, ಪಟ್ಟೆ ಅಗಲ; 2018ರಲ್ಲಿ ಕೇರಳ ಅದನ್ನು ರಾಜ್ಯ ಚಿಟ್ಟೆಯಾಗಿ ಆರಿಸಿಕೊಂಡಿತು. ಕಾಮನ್ ಬ್ಯಾಂಡೆಡ್ ಪೀಕಾಕ್ ಒಣಕಾಡಿನದು, ಪಟ್ಟೆ ಸಪೂರ. ಕೊಟ್ಟಿಗೆಹಾರದಲ್ಲಿ ಕಂಡದ್ದಕ್ಕೆ ಮೊದಲ ಹೆಸರು ಹೊಂದುವ ಸಾಧ್ಯತೆ ಹೆಚ್ಚು, ಕಡೂರಿನ ಕಡೆಯದಕ್ಕೆ ಎರಡನೆಯದು. ಆದರೆ ಜಾಗವನ್ನು ನಂಬಿ ಪಟ್ಟೆ ನೋಡುವುದನ್ನು ಬಿಡಬೇಡಿ, ಚಿಟ್ಟೆಗೆ ರೆಕ್ಕೆ ಇದೆ.

ಗಿಡ ಇನ್ನೂ ಗಟ್ಟಿ ಸಾಕ್ಷಿ. ಹೂವಿಗೆ ಯಾವ ಚಿಟ್ಟೆಯಾದರೂ ಬರುತ್ತದೆ, ಮೊಟ್ಟೆಯನ್ನು ಮಾತ್ರ ಹುಳು ತಿನ್ನುವ ಗಿಡಕ್ಕೇ ಇಡಬೇಕು. ಕಾಡುಬಸಳೆಯ ಎಲೆಯೊಳಗೆ ಸುರಂಗ ಕೊರೆದ ಹುಳು ರೆಡ್ ಪಿಯರೋದು. ಕಣಗಿಲೆಯ ಮೇಲಿನ ಕಂದು-ಬಿಳಿ ಪಟ್ಟೆಯ ಹುಳು ಕಾಮನ್ ಕ್ರೋ. ಈಶ್ವರಿ ಬಳ್ಳಿಯ ಸುತ್ತ ಸುಳಿಯುವುದು ರೋಸ್‌ಗಳು, ಇಲ್ಲವೇ ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ತೋಟದಲ್ಲಿ ಕಳೆ ಎಂದು ಆ ಬಳ್ಳಿಯನ್ನು ಕಿತ್ತೆಸೆಯದಿರಿ ಎಂದು ಬೆಳೆಗಾರರಲ್ಲಿ ಕೈಮುಗಿದು ಕೇಳುತ್ತೇನೆ. ಬೇಲಿಸಾಲಿನಲ್ಲಿ ನಾಲ್ಕು ಬಳ್ಳಿ ಉಳಿ‌ದರೂ ಅವು ಬರುತ್ತವೆ.

ಹೆಜ್ಜೆ 7: ಉಪಪ್ರಭೇದ

ಉಪಪ್ರಭೇದ ಎಂದರೆ ಒಂದೇ ಪ್ರಭೇದದ, ಬೇರೆ ಭೌಗೋಳಿಕ ಪ್ರದೇಶದಲ್ಲಿ ನೆಲೆಸಿ ರೂಪದಲ್ಲಿ ಸ್ವಲ್ಪ ಬೇರೆಯಾದ ಗುಂಪು. ಅದರ ವೈಜ್ಞಾನಿಕ ಹೆಸರಿಗೆ ಮೂರು ಪದ. ಮೊದಲನೆಯದು ಕುಲ, ಎರಡನೆಯದು ಪ್ರಭೇದ, ಮೂರನೆಯದು ಉಪಪ್ರಭೇದ. ಪ್ಯಾರಿಸ್ ಪೀಕಾಕ್ ಹಿಮಾಲಯದಲ್ಲೂ ಇದೆ, ನಮ್ಮ ಘಟ್ಟದಲ್ಲೂ ಇದೆ. ಇಲ್ಲಿಯದು ಪ್ಯಾಪಿಲಿಯೊ ಪ್ಯಾರಿಸ್ ತಮಿಲಾನಾ, ಹಿಂರೆಕ್ಕೆಯ ನೀಲಿಹಸಿರು ಮಚ್ಚೆ ಹಿಮಾಲಯದ್ದಕ್ಕಿಂತ ದೊಡ್ಡದು. ರೆಡ್ ಹೆಲೆನ್‌ನ ನಮ್ಮ ಉಪಪ್ರಭೇದ ದಕ್ಷ, ಕ್ರೂಸರ್‌ನದು ಸಲೋಮಾ, ಕ್ಲಿಪ್ಪರ್‌ನದು ವೈರೆನ್ಸ್.

ಇಲ್ಲಿ ಚಿಕ್ಕಮಗಳೂರಿನವರಿಗೆ ಕೆಲಸ ಹಗುರ. ಉಪಪ್ರಭೇದಗಳು ಪ್ರದೇಶಕ್ಕೆ ಕಟ್ಟುಬಿದ್ದಿರುವುದರಿಂದ ಸಾಮಾನ್ಯವಾಗಿ ಒಂದು ಜಾಗದಲ್ಲಿ ಒಂದು ಪ್ರಭೇದದ ಒಂದೇ ಉಪಪ್ರಭೇದ ನೆಲೆಸಿರುತ್ತದೆ. ಪ್ರಭೇದ ಖಚಿತವಾದರೆ, ದಕ್ಷಿಣ ಭಾರತಕ್ಕೆ ಯಾವ ಉಪಪ್ರಭೇದ ಎಂದು ಪಟ್ಟಿ ನೋಡಿ ಬರೆಯಬಹುದು. ಹಾಗೆ ಬರೆದಾಗ "ಸ್ಥಳದ ಆಧಾರದಿಂದ" ಎಂದು ಪಕ್ಕದಲ್ಲಿ ನಮೂದಿಸುವುದು ಪ್ರಾಮಾಣಿಕ ಕ್ರಮ. ಒಂದೇ ಬೇಲಿಯಲ್ಲಿ ಎರಡು ಬಣ್ಣದ ಚಿಟ್ಟೆ ಕಂಡು "ಎರಡು ಉಪಪ್ರಭೇದ" ಎನ್ನುವ ಮುಂಚೆ ಗಂಡು-ಹೆಣ್ಣು, ಋತುರೂಪ, ಹೆಣ್ಣಿನ ಬಹುರೂಪ ಈ ಮೂರನ್ನೂ ತಳ್ಳಿಹಾಕಿರಬೇಕು. ಹಿಂರೆಕ್ಕೆ ಬೆಳ್ಳಗಿರುವ ಪ್ಲೇನ್ ಟೈಗರ್ ಸಿಗುತ್ತದೆ, ಅದೊಂದು ರೂಪ, ಉಪಪ್ರಭೇದವಲ್ಲ.

ಹೆಸರುಗಳ ಒಂದು ಬಲೆಯನ್ನು ಬಿಡಿಸಿ ಹೇಳಲೇಬೇಕು. ನಮ್ಮ ಕಾಮನ್ ಮಾರ್ಮನ್‌ನ ಉಪಪ್ರಭೇದದ ಹೆಸರು ರೋಮುಲಸ್. ಕ್ರಿಮ್ಸನ್ ರೋಸ್‌ನ ವೇಷ ತೊಟ್ಟ ಹೆಣ್ಣಿನ ರೂಪದ ಹೆಸರೂ ರೋಮುಲಸ್. "ಪ್ಯಾಪಿಲಿಯೊ ಪಾಲಿಟೀಸ್ ರೋಮುಲಸ್" ಎಂದು ಮೂರು ಪದ ಬರೆದರೆ ಅದರಲ್ಲಿ ಗಂಡೂ ಸೇರಿತು, ಮೂರೂ ಬಗೆಯ ಹೆಣ್ಣುಗಳೂ ಸೇರಿದವು. ವೇಷದ ಹೆಣ್ಣನ್ನೇ ಹೇಳಬೇಕಾದರೆ "ರೋಮುಲಸ್ ರೂಪ" ಎಂದು ಬಿಡಿಸಿ ಬರೆಯಬೇಕು. ಹಾಗೆಯೇ ಸ್ಟಿಚಿಯಸ್ ಅನ್ನು ಮೂರನೆಯ ಪದವಾಗಿ ಬರೆಯುವಂತಿಲ್ಲ, ಅದು ರೂಪ ಮಾತ್ರ.

ಹೆಸರುಗಳು ಬದಲಾಗುತ್ತಲೂ ಇರುತ್ತವೆ. ಹಳೆಯ ಪುಸ್ತಕಗಳಲ್ಲಿ ನಮ್ಮ ಬ್ಲೂಬಾಟಲ್ ಅನ್ನು ಗ್ರಾಫಿಯಂ ಸಾರ್ಪೆಡಾನ್ ಪ್ರಭೇದದ ಟೆರೆಡಾನ್ ಉಪಪ್ರಭೇದ ಎಂದಿದ್ದರು. ಈಗ ಗ್ರಾಫಿಯಂ ಟೆರೆಡಾನ್ ಎಂದೇ ಪ್ರತ್ಯೇಕ ಪ್ರಭೇದವಾಗಿ ಎಣಿಸುತ್ತಾರೆ. ಯಾವ ಪಟ್ಟಿ ಅನುಸರಿಸಿದಿರಿ, ಯಾವ ವರ್ಷದ್ದು ಎಂದು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಟ್ಟರೆ ಹತ್ತು ವರ್ಷದ ನಂತರವೂ ನಿಮ್ಮ ದಾಖಲೆ ಓದುವವರಿಗೆ ಗೊಂದಲವಾಗದು.

ಹೆಜ್ಜೆ 8: ದಾಖಲೆ

ಒಂದು ಒಳ್ಳೆಯ ದಾಖಲೆ ಹೀಗಿರುತ್ತದೆ: "ಕಾಮನ್ ಮಾರ್ಮನ್, ಹೆಣ್ಣು, ಸ್ಟಿಚಿಯಸ್ ರೂಪ. ಆಧಾರ: ತಲೆ, ಹೊಟ್ಟೆ ಪೂರ್ತಿ ಕಪ್ಪು (ಮೂರನೆಯ ಫೋಟೊ). ಮೂಡಿಗೆರೆ ಹತ್ತಿರದ ಕಾಫಿ ತೋಟದ ಬೇಲಿ. ಅಕ್ಟೋಬರ್, ಬೆಳಿಗ್ಗೆ ಹತ್ತು ಗಂಟೆ, ಬಿಸಿಲು. ನಿಂಬೆ ಗಿಡದ ಚಿಗುರಿಗೆ ಮೊಟ್ಟೆ ಇಡುತ್ತಿತ್ತು." ಆಧಾರ ಎಂಬ ಆ ಒಂದು ಸಾಲು ಇಲ್ಲದ ದಾಖಲೆಯನ್ನು ಇನ್ನೊಬ್ಬರು ಪರೀಕ್ಷಿಸಲು ಆಗುವುದಿಲ್ಲ.

ಜೀವಿಗಳ ಫೋಟೊ ದಾಖಲಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಎಲ್ಲ ಕೋನದ ಫೋಟೊಗಳನ್ನೂ ಒಂದೇ ದಾಖಲೆಯಡಿ ಸೇರಿಸಿ. ಆ್ಯಪ್ ಸೂಚಿಸುವ ಮೊದಲ ಹೆಸರನ್ನು ಒಪ್ಪಿಕೊಳ್ಳುವ ಮುಂಚೆ, ಆ ಹೆಸರಿನ ಚಿಟ್ಟೆಯನ್ನು ಹೋಲುವ ಬೇರೆ ಯಾವುವು ನಮ್ಮ ಜಿಲ್ಲೆಯಲ್ಲಿ ಇರಬಹುದೆಂದು ನೋಡಿ, ಅವುಗಳನ್ನು ಯಾವ ಗುರುತಿನಿಂದ ತಳ್ಳಿಹಾಕಿದಿರೆಂದು ಬರೆಯಿರಿ. ಸ್ವಿಫ್ಟ್‌ಗಳೆಂಬ ಕಂದು ಸ್ಕಿಪ್ಪರ್‌ಗಳಲ್ಲಿ ಫೋಟೊದಿಂದ ಮುಂದೆ ಹೋಗಲು ಬಹಳ ಸಲ ಆಗುವುದಿಲ್ಲ. ಕೆಲವನ್ನು ತಜ್ಞರು ಜನನಾಂಗದ ರಚನೆಯಿಂದ, ಡಿಎನ್‌ಎಯಿಂದ ಬೇರ್ಪಡಿಸುತ್ತಾರೆ. ಅಂಥದ್ದನ್ನು "ಸ್ವಿಫ್ಟ್, ಪ್ರಭೇದ ತಿಳಿಯದು" ಎಂದು ದಾಖಲಿಸಿ, ಮುಂರೆಕ್ಕೆ ಮತ್ತು ಹಿಂರೆಕ್ಕೆಯ ಕೆಳಮೈಯ ಬಿಳಿ ಚುಕ್ಕೆಗಳು ಎಷ್ಟು, ಯಾವ ಜಾಗದಲ್ಲಿ ಎಂದು ಗುರುತು ಹಾಕಿ, ಭತ್ತದ ಗದ್ದೆಯಲ್ಲೋ ಬಿದಿರಿನ ಬಳಿಯೋ ಸಿಕ್ಕಿದ್ದೆಂದು ಸೇರಿಸಿ. ಫೋಟೊ ಅಳಿಸಬೇಡಿ. ಬೇರೆಯವರು ಹೆಸರು ತಿದ್ದಿದರೆ ಕಾರಣ ಕೇಳಿ, ಆ ಕಾರಣವನ್ನೂ ನೋಟ್‌ಬುಕ್‌ನಲ್ಲಿ ಅದೇ ಸಾಲಿನ ಕೆಳಗೆ ತಾರೀಖಿನ ಸಮೇತ ಬರೆದುಕೊಳ್ಳಿ.